ಚಿತ್ರ ನೋಡಿ ಒಪ್ಪಿದ ಮದುವೆಯೇ? ಬರ್ಗಂಡಿಗೆ ಹೋದ ಪೋರ್ಚುಗಲ್‌ನ ಇಸಬೆಲ್ಲಾ

ಪ್ರಶ್ನೆ: ಬರ್ಗಂಡಿಯ ಡ್ಯೂಕ್ ಫಿಲಿಪ್ ಪೋರ್ಚುಗಲ್‌ನ ರಾಜಕುಮಾರಿ ಇಸಬೆಲ್ಲಾಳ ಭಾವಚಿತ್ರ ತರಿಸಿಕೊಂಡು, ಅದನ್ನು ನೋಡಿ ಮದುವೆಗೆ ಒಪ್ಪಿದ ಎಂದು ಓದಿದೆ. ಇದು ಎಷ್ಟು ನಿಜ? ಆಗ ಆಕೆಗೆ 32 ವರ್ಷ. ಆ ಕಾಲಕ್ಕೆ ಅಷ್ಟು ತಡ ಯಾಕೆ? ಮದುವೆಯ ನಂತರ ಆಕೆಗೆ ನಿಜವಾದ ಅಧಿಕಾರ ಏನಾದರೂ ಇತ್ತೇ, ಇಲ್ಲ ಬರೀ ಹೆಸರಿಗೆ ಡಚೆಸ್ಸೇ? ಇನ್ನೊಂದು, ಮದುವೆಯ ವರ್ಷ ಒಂದು ಕಡೆ 1429, ಇನ್ನೊಂದು ಕಡೆ 1430 ಎಂದಿದೆ. ಯಾವುದನ್ನು ಬರೆದುಕೊಳ್ಳಲಿ?

ಉತ್ತರ: ಚಿತ್ರದ ಕಥೆ ಸುಳ್ಳಲ್ಲ. ಆದರೆ ಮದುವೆ ಚಿತ್ರದಿಂದ ಆದದ್ದಲ್ಲ. ಆಕೆಯ ತಾಯಿ ಯಾರು ಎಂಬುದರಿಂದ ಶುರು ಮಾಡಿದರೆ ನಿಮ್ಮ ಉಳಿದ ಪ್ರಶ್ನೆಗಳೂ ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ.

ಇಸಬೆಲ್ಲಾ ಹುಟ್ಟಿದ್ದು 1397ರ ಫೆಬ್ರವರಿ 21ರಂದು, ಪೋರ್ಚುಗಲ್‌ನ ಎವೊರಾದಲ್ಲಿ. ತಂದೆ ದೊರೆ ಒಂದನೇ ಜುವಾಂವ್. ತಾಯಿ ಲ್ಯಾಂಕಾಸ್ಟರ್‌ನ ಫಿಲಿಪ್ಪಾ, ಅಂದರೆ ಇಂಗ್ಲೆಂಡಿನ ಜಾನ್ ಆಫ್ ಗಾಂಟ್‌ನ ಮಗಳು. ಇಂಗ್ಲೆಂಡಿನ ನಾಲ್ಕನೇ ಹೆನ್ರಿ ಇಸಬೆಲ್ಲಾಗೆ ಸೋದರಮಾವ. ಐದನೇ ಹೆನ್ರಿ ಸೋದರಮಾವನ ಮಗ. ಅಣ್ಣತಮ್ಮಂದಿರಲ್ಲಿ ದುವಾರ್ತೆ ಮುಂದೆ ದೊರೆಯಾದ, ಪೇದ್ರು ರಾಜಪ್ರತಿನಿಧಿಯಾದ. ಇನ್ನೊಬ್ಬ ಹೆನ್ರಿಕ್, ಶಾಲೆಯ ಪುಸ್ತಕಗಳಲ್ಲಿ ನಾವು ಓದುವ ನಾವಿಕ ಹೆನ್ರಿ ಇವನೇ. ಪೋರ್ಚುಗೀಸರು ಎಂದರೆ ನಮಗೆ ತಟ್ಟನೆ ನೆನಪಾಗುವುದು ಗೋವಾ ಮತ್ತು ಕರಾವಳಿ. ಆದರೆ ವಾಸ್ಕೊ ಡ ಗಾಮಾ ಕಾರವಾರದ ಹತ್ತಿರದ ಅಂಜುದೀವ್ ದ್ವೀಪದಲ್ಲಿ ಹಡಗು ನಿಲ್ಲಿಸಿದ್ದು 1498ರಲ್ಲಿ. ಅಷ್ಟರಲ್ಲಿ ಇಸಬೆಲ್ಲಾ ತೀರಿಕೊಂಡು ಕಾಲು ಶತಮಾನ ದಾಟಿತ್ತು. ಆಕೆಯ ಕಾಲದ ಪೋರ್ಚುಗಲ್ ಇನ್ನೂ ಆಫ್ರಿಕಾದ ಅಂಚಿನಲ್ಲೇ ಇತ್ತು.

ಮದುವೆ ತಡವಾದದ್ದಕ್ಕೆ ಕಾರಣ ವರ ಸಿಗದೇ ಹೋದದ್ದಲ್ಲ. 1415ರ ಸುಮಾರಿಗೆ ಐದನೇ ಹೆನ್ರಿಗೇ ಕೊಡುವ ಮಾತು ನಡೆದಿತ್ತು, ಕುದುರಲಿಲ್ಲ. ಅದೇ ವರ್ಷ, ಸೇನೆ ಉತ್ತರ ಆಫ್ರಿಕಾದ ಸೇಯುತಾ ಪಟ್ಟಣದ ಮೇಲೆ ದಂಡೆತ್ತಿ ಹೊರಡುವ ಹೊತ್ತಿಗೆ, ತಾಯಿ ಪ್ಲೇಗಿನಿಂದ ತೀರಿಕೊಂಡಳು. ಬೆಳೆದ ಮಗಳು ಆಕೆಯೊಬ್ಬಳೇ. ಮುಂದಿನ ಹದಿಮೂರು ವರ್ಷ ಆಕೆ ತಂದೆಯ ಅರಮನೆಯಲ್ಲೇ ಇದ್ದಳು. ಅಲ್ಲಿ ಪಕ್ವವಾದ ಬುದ್ಧಿ ಮುಂದೆ ಬರ್ಗಂಡಿಯಲ್ಲಿ ಕೆಲಸಕ್ಕೆ ಬಂತು ಎಂಬುದು ನನ್ನ ಅಂದಾಜು. ಹದಿನಾಲ್ಕಕ್ಕೆ ಗಂಡನ ಮನೆ ಸೇರಿದ ಹುಡುಗಿಗೆ ಯಾರೂ ರಾಜಿ ಪಂಚಾಯಿತಿಯ ಹೊಣೆ ಒಪ್ಪಿಸುತ್ತಿರಲಿಲ್ಲ.

ಇನ್ನು ವರನ ಕಡೆ. ಫಿಲಿಪ್ 1396ರಲ್ಲಿ ಹುಟ್ಟಿದವನು. ಈಗಿನ ಫ್ರಾನ್ಸಿನ ಪೂರ್ವಕ್ಕಿರುವ ಬರ್ಗಂಡಿಯ ಜೊತೆಗೆ, ಈಗಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್ ಸೀಮೆಯೂ ಅವನದೇ. ಬ್ರೂಜ್ ಅಲ್ಲಿನ ಪಟ್ಟಣ. 1419ರಲ್ಲಿ ಮೊಂತರೋ ಸೇತುವೆಯ ಮೇಲೆ, ಫ್ರಾನ್ಸಿನ ಯುವರಾಜನ ಎದುರೇ, ಅವನ ಕಡೆಯವರು ಫಿಲಿಪ್‌ನ ತಂದೆಯನ್ನು ಕೊಂದರು. ಆ ಸಿಟ್ಟಿಗೆ ಫಿಲಿಪ್, ಫ್ರಾನ್ಸಿನ ಜೊತೆ ಯುದ್ಧದಲ್ಲಿದ್ದ ಇಂಗ್ಲಿಷರ ಪಕ್ಷ ಸೇರಿದ. ಮೊದಲ ಹೆಂಡತಿ ಮಿಷೆಲ್ 1422ರಲ್ಲಿ, ಎರಡನೆಯವಳು ಬೋನ್ 1425ರಲ್ಲಿ ತೀರಿಕೊಂಡರು. ಔರಸ ಮಗ ಒಬ್ಬನೂ ಇಲ್ಲ. ಫ್ರಾನ್ಸಿನ ಹೆಣ್ಣು ತಂದರೆ ಇಂಗ್ಲಿಷರಿಗೆ ಅನುಮಾನ. ಇಂಗ್ಲೆಂಡಿನ ಹೆಣ್ಣು ತಂದರೆ ಫ್ರಾನ್ಸಿನ ಬಾಗಿಲು ಶಾಶ್ವತವಾಗಿ ಮುಚ್ಚಿದಂತೆ. ಪೋರ್ಚುಗಲ್ ಇವೆರಡರ ನಡುವೆ ಸಿಕ್ಕ ದಾರಿ. 1386ರ ವಿಂಡ್ಸರ್ ಒಪ್ಪಂದದಿಂದ ಅದು ಇಂಗ್ಲೆಂಡಿನ ಮಿತ್ರ ರಾಜ್ಯ, ಬ್ರೂಜ್ ಪೇಟೆಯಲ್ಲಿ ಅದರ ವ್ಯಾಪಾರಿಗಳಿದ್ದರು, ಫ್ರಾನ್ಸಿನ ಜಗಳದಲ್ಲಿ ಅದಕ್ಕೆ ನೇರ ಪಾತ್ರ ಇರಲಿಲ್ಲ. ಇಸಬೆಲ್ಲಾಳ ಅಣ್ಣ ಪೇದ್ರು 1426ರಲ್ಲಿ ಬ್ರೂಜ್‌ನಲ್ಲಿ ಇದ್ದು ಹೋಗಿದ್ದ. ಎರಡು ಮನೆಗಳಿಗೆ ಹೊಸ ಪರಿಚಯವೇನೂ ಬೇಕಿರಲಿಲ್ಲ.

ಈಗ ಚಿತ್ರದ ವಿಷಯ. ಹೆಣ್ಣು ಕೇಳಲು ಹೊರಟ ನಿಯೋಗ 1428ರ ಅಕ್ಟೋಬರ್ 19ರಂದು ಫ್ಲಾಂಡರ್ಸ್‌ನ ಸ್ಲಾಯ್ಸ್ ಬಂದರು ಬಿಟ್ಟಿತು. ಮುಖ್ಯಸ್ಥ ಜಾನ್ ದ ರೂಬೆ. ಜೊತೆಗೆ ಯಾನ್ ವಾನ್ ಐಕ್, 1425ರಿಂದ ಡ್ಯೂಕ್‌ನ ಸಂಬಳದಲ್ಲಿದ್ದ ಚಿತ್ರಕಾರ. ಇಂಗ್ಲೆಂಡಿನ ತೀರದಲ್ಲಿ ಜೊತೆ ಹಡಗುಗಳಿಗಾಗಿ ವಾರಗಟ್ಟಲೆ ಕಾದು, ಲಿಸ್ಬನ್ ಹತ್ತಿರದ ಕಶ್ಕಾಯ್ಶ್ ಮುಟ್ಟಿದ್ದು ಡಿಸೆಂಬರ್ 16ಕ್ಕೆ. ದೊರೆಯ ಭೇಟಿ ಸಿಕ್ಕಿದ್ದು 1429ರ ಜನವರಿ 13ರಂದು, ಆವಿಷ್ ಪಟ್ಟಣದಲ್ಲಿ. ವಾನ್ ಐಕ್ ರಾಜಕುಮಾರಿಯ ಭಾವಚಿತ್ರ ಬರೆದ, ಒಂದಲ್ಲ ಎರಡು. ಫೆಬ್ರವರಿ 12ರಂದು ಒಂದು ಸಮುದ್ರದ ದಾರಿಯಲ್ಲೂ ಇನ್ನೊಂದು ನೆಲದ ದಾರಿಯಲ್ಲೂ ಹೊರಟವು. ಒಂದು ಮುಳುಗಿದರೆ ಅಥವಾ ಕಳ್ಳರ ಪಾಲಾದರೆ ಇನ್ನೊಂದಾದರೂ ತಲುಪಲಿ ಎಂದು. ಪ್ರತಿ ಚಿತ್ರದ ಜೊತೆ ವರದಿಯೂ ಇತ್ತು. ರಾಜಕುಮಾರಿಯ ನಡೆನುಡಿ, ಆರೋಗ್ಯ, ಹೆಸರು ಹೇಗೆ ಎಂದು ನಿಯೋಗದವರು ನಾಲ್ಕು ಕಡೆ ವಿಚಾರಿಸಿ ಬರೆದದ್ದು, ಮಾತುಕತೆ ಎಲ್ಲಿಗೆ ಬಂದಿದೆ ಎಂಬುದರ ಸಮೇತ. ಅಂದರೆ ಚಿತ್ರ ಆ ಕಡತದಲ್ಲಿದ್ದ ಒಂದು ಹಾಳೆ, ಅಷ್ಟೆ.

ಉತ್ತರ ಬರುವ ತನಕ ನಿಯೋಗದವರು ಸುಮ್ಮನೆ ಕೂರಲಿಲ್ಲ. ಸಾಂತಿಯಾಗೊ ಯಾತ್ರೆ ಮಾಡಿದರು, ಕ್ಯಾಸ್ಟೀಲ್‌ನ ದೊರೆಯನ್ನು ಕಂಡರು, ಗ್ರಾನಾಡಾದ ಸುಲ್ತಾನನ ಆಸ್ಥಾನಕ್ಕೂ ಹೋಗಿ ಬಂದರು. ಡ್ಯೂಕ್‌ನ ಒಪ್ಪಿಗೆ ಸಿಂತ್ರಾದಲ್ಲಿದ್ದ ಅವರ ಕೈ ಸೇರಿದ್ದು ಜೂನ್ 4ರಂದು. ಹೋಗಿಬರಲು ಹೆಚ್ಚುಕಡಿಮೆ ನಾಲ್ಕು ತಿಂಗಳು. ಜುಲೈ ಕೊನೆಯಲ್ಲಿ ಒಪ್ಪಂದಕ್ಕೆ ಸಹಿಯಾಗಿ, ಅದರ ಬೆನ್ನಿಗೇ ಲಿಸ್ಬನ್‌ನಲ್ಲಿ ಪ್ರತಿನಿಧಿ ವಿವಾಹ ನಡೆಯಿತು. ವರನ ಜಾಗದಲ್ಲಿ ನಿಂತದ್ದು ರೂಬೆ. ಇದು ತೋರಿಕೆಯ ಶಾಸ್ತ್ರವಲ್ಲ. ಚರ್ಚಿನ ಕಾನೂನಿನ ಪ್ರಕಾರ ಅಧಿಕಾರಪತ್ರ ಪಡೆದ ಪ್ರತಿನಿಧಿಯ ಮೂಲಕ ಸಮ್ಮತಿ ಕೊಟ್ಟರೂ ಮದುವೆ ಮದುವೆಯೇ. ಹೆಣ್ಣಿನ ಕಡೆಗೆ ಅದರಿಂದ ಒಂದು ಭದ್ರತೆ ಇತ್ತು. ಹೆಂಡತಿ ಎನಿಸಿಕೊಂಡೇ ಮಗಳು ಹಡಗು ಹತ್ತುತ್ತಾಳೆ. ದಡ ಸೇರಿದ ಮೇಲೆ ಬೀಗರು ಮನಸ್ಸು ಬದಲಿಸುವಂತಿಲ್ಲ.

ಎಡವಟ್ಟಾದದ್ದು ಪ್ರಯಾಣದಲ್ಲಿ. ಸಿದ್ಧತೆ ಎಳೆದಾಡಿ ಹಡಗುಗಳು ಕಡಲಿಗೆ ಬಿದ್ದದ್ದು ಅಕ್ಟೋಬರ್‌ನಲ್ಲಿ. ಆ ಕಾಲದ ನಾವಿಕರು ಬಿಸ್ಕೆ ಕೊಲ್ಲಿಯನ್ನು ಬೇಸಿಗೆಯಲ್ಲಿ ದಾಟಿಬಿಡಲು ನೋಡುತ್ತಿದ್ದರು, ಚಳಿಗಾಲದಲ್ಲಿ ಅಲ್ಲಿ ಪಶ್ಚಿಮದ ಬಿರುಗಾಳಿ ಹಡಗನ್ನು ಬಂಡೆಯ ತೀರದತ್ತ ತಳ್ಳುತ್ತದೆ. ಆದದ್ದೂ ಅದೇ. ಹಡಗುಗಳು ಚದುರಿದವು. ವಧು ಗಲೀಸಿಯಾದ ಬಂದರುಗಳಲ್ಲಿ, ಆಮೇಲೆ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ತಂಗುತ್ತಾ ಸ್ಲಾಯ್ಸ್‌ನಲ್ಲಿ ಇಳಿದದ್ದು ಡಿಸೆಂಬರ್ 25ರಂದು, ಕ್ರಿಸ್‌ಮಸ್ ದಿನ. 1430ರ ಜನವರಿ 7ರಂದು ಅಲ್ಲೇ, ಡ್ಯೂಕ್‌ನ ಸಮ್ಮುಖದಲ್ಲಿ ಮದುವೆ. ಮರುದಿನ ಬ್ರೂಜ್ ಪ್ರವೇಶ. ಅರಮನೆಯ ಮುಂದೆ ಮರದ ಸಿಂಹದಿಂದ ದ್ರಾಕ್ಷಾರಸ ಸುರಿಯುತ್ತಿತ್ತು. ಒಳಗಿನ ಅಂಗಳದಲ್ಲಿ ಜಿಂಕೆಯ ಬೊಂಬೆಯಿಂದ ಮಸಾಲೆ ಬೆರೆಸಿದ ಮದ್ಯ, ಒಂಟಿಕೊಂಬಿನ ಕುದುರೆಯ ಬೊಂಬೆಯಿಂದ ಪನ್ನೀರು. ಜನವರಿ 10ರಂದು ಫಿಲಿಪ್ ಗೋಲ್ಡನ್ ಫ್ಲೀಸ್ ಎಂಬ ವೀರಪದವಿಯ ಬಳಗವನ್ನು ಘೋಷಿಸಿದ. ‘ಇನ್ನೊಬ್ಬಳನ್ನು ಹೊಂದೆನು’ ಎಂಬ ಘೋಷವಾಕ್ಯವನ್ನೂ ಇಟ್ಟುಕೊಂಡ. ಮೂರನೇ ಹೆಂಡತಿಯ ಮಟ್ಟಿಗೆ ಮಾತು ಉಳಿಸಿಕೊಂಡ, ನಾಲ್ಕನೇ ಮದುವೆ ಆಗಲಿಲ್ಲ. ಆದರೆ ಮದುವೆಯ ಹೊರಗೆ ಅವನಿಗೆ ಹುಟ್ಟಿದ ಮಕ್ಕಳು ಡಜನ್ ಮೀರಿದ್ದರು, ಮತ್ತು ಅದು ಆಸ್ಥಾನದಲ್ಲಿ ಗುಟ್ಟೂ ಆಗಿರಲಿಲ್ಲ.

ವಾನ್ ಐಕ್ ಬರೆದ ಆ ಎರಡೂ ಚಿತ್ರಗಳು ಈಗ ಇಲ್ಲ. ಅವುಗಳಲ್ಲಿ ಒಂದರದೆನ್ನುವ, ಬಹಳ ನಂತರದ ಒಂದು ನಕಲು ರೇಖಾಚಿತ್ರ ಮಾತ್ರ ತಿಳಿದಿದೆ. ಅಂತರ್ಜಾಲದಲ್ಲಿ ಸಾಮಾನ್ಯವಾಗಿ ಕಾಣುವ, ಕೆಂಪು-ಹೊನ್ನಿನ ಜರತಾರಿ ಉಡುಪಿನ ಚಿತ್ರ ಅದಲ್ಲ. ಅದು ಸುಮಾರು 1450ರದು, ರೋಖೀರ್ ವಾನ್ ಡೆರ್ ವೈಡನ್‌ನ ಕಾರ್ಯಶಾಲೆಯದು, ಈಗ ಲಾಸ್ ಏಂಜಲೀಸ್‌ನ ಗೆಟ್ಟಿ ಸಂಗ್ರಹಾಲಯದಲ್ಲಿದೆ. ಅದರ ಮೇಲೆ ‘ಪರ್ಸಿಕಾ ಸಿಬಿಲ್ಲಾ’ ಎಂದು ಬರೆದಿರುವುದು ನಂತರ ಯಾರೋ ಸೇರಿಸಿದ್ದು. ಆ ಹೆಸರಿನ ಪುರಾಣದ ಭವಿಷ್ಯಗಾರ್ತಿಗೂ ಇಸಬೆಲ್ಲಾಗೂ ಸಂಬಂಧವಿಲ್ಲ. ‘ಮದುವೆಗೆ ಮುನ್ನ ಕಳಿಸಿದ ಚಿತ್ರ’ ಎಂದು ಇದನ್ನು ಅಚ್ಚು ಹಾಕಿದ ಲೇಖನ ಕಂಡರೆ ಅದರ ಉಳಿದ ಮಾತನ್ನೂ ಎರಡು ಸಲ ಪರೀಕ್ಷಿಸಿ.

ಅಧಿಕಾರದ ಪ್ರಶ್ನೆಗೆ ಬರುವ ಮೊದಲು ಮಕ್ಕಳ ವಿಷಯ. ಯಾಕೆಂದರೆ ಅರಮನೆ ಆಕೆಯಿಂದ ಮೊದಲು ಬಯಸಿದ್ದೇ ಅದನ್ನು. ಅಂಟ್ವಾನ್ 1430ರಲ್ಲಿ ಹುಟ್ಟಿ 1432ರ ಫೆಬ್ರವರಿಯಲ್ಲಿ ಹೋದ. ಜೋಸೆಫ್ 1432ರಲ್ಲಿ ಹುಟ್ಟಿ ಅದೇ ವರ್ಷ ತೀರಿಕೊಂಡ. ಮೂರನೆಯವನು ಚಾರ್ಲ್ಸ್, 1433ರ ನವೆಂಬರ್‌ನಲ್ಲಿ ದೀಜೋನ್‌ನಲ್ಲಿ ಹುಟ್ಟಿ ಉಳಿದ. ಆಗ ಆಕೆಗೆ 36.

ಅಧಿಕಾರ ಇತ್ತೇ ಎಂದರೆ, ಇತ್ತು. ಡ್ಯೂಕ್ ದಂಡಿನಲ್ಲಿದ್ದಾಗ ಆಡಳಿತ ನೋಡಿಕೊಳ್ಳುವುದು, ಪ್ರಾಂತಗಳ ಸಭೆಗಳ ಮುಂದೆ ಹಣ ಕೇಳುವುದು ಇವೆಲ್ಲ ಆಕೆ ಮಾಡಿದ ಕೆಲಸಗಳೇ. ಆದರೆ ಬೇರೆ ಡಚೆಸ್‌ಗಳಿಂದ ಆಕೆಯನ್ನು ಬೇರೆ ಮಾಡುವುದು ಸಂಧಾನ. ಅಲ್ಲಿ ತಾಯಿಯ ಕಡೆಯ ರಕ್ತ ಕೆಲಸಕ್ಕೆ ಬಂತು. ಬರ್ಗಂಡಿಯ ಸೊಸೆ, ಆದರೆ ಲ್ಯಾಂಕಾಸ್ಟರ್ ಮನೆಯ ಮೊಮ್ಮಗಳು. ಇಂಗ್ಲಿಷರ ಎದುರು ಕೂತಾಗ ಆಕೆ ಅವರಿಗೆ ಪರಕೀಯಳಲ್ಲ.

1435ರಲ್ಲಿ ಆರಾಸ್‌ನಲ್ಲಿ ದೊಡ್ಡ ಸಮಾವೇಶ ಸೇರಿತು. ಸೆಪ್ಟೆಂಬರ್ 21ರಂದು ಫಿಲಿಪ್ ಇಂಗ್ಲಿಷರ ಕೈಬಿಟ್ಟು ಫ್ರಾನ್ಸಿನ ಏಳನೇ ಚಾರ್ಲ್ಸ್ (ಮೊಂತರೋ ಸೇತುವೆಯ ಆ ಯುವರಾಜನೇ) ಜೊತೆ ರಾಜಿಯಾದ. ಇಸಬೆಲ್ಲಾ ಅಲ್ಲಿದ್ದಳು, ರಾಜಿಯ ಪರ ಓಡಾಡಿದ್ದಳು. ಫ್ರಾನ್ಸಿನ ದೊರೆ ಅದಕ್ಕಾಗಿ ಆಕೆಗೆ ವರ್ಷಾಶನವನ್ನೇ ಗೊತ್ತುಮಾಡಿದ. ರಾಜಿಯ ಬೆಲೆ ತೆತ್ತದ್ದು ಫ್ಲಾಂಡರ್ಸ್‌ನ ಜವಳಿ ಪಟ್ಟಣಗಳು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ 1439ರ ಕೆಲಸದ ಮಹತ್ವ ತಿಳಿಯುವುದಿಲ್ಲ. ಗೆಂಟ್, ಬ್ರೂಜ್, ಈಪರ್‌ಗಳ ಒಳ್ಳೆಯ ಬಟ್ಟೆಗೆ ಬೇಕಾದ ಉಣ್ಣೆ ಬರುತ್ತಿದ್ದದ್ದು ಇಂಗ್ಲೆಂಡಿನಿಂದ, ಇಂಗ್ಲಿಷರ ವಶದಲ್ಲಿದ್ದ ಕ್ಯಾಲೆ ಪಟ್ಟಣದ ಮಾರಾಟ ಕಟ್ಟೆಯ ಮೂಲಕ. 1429ರ ಕಟ್ಟಳೆ ಅಲ್ಲಿನ ಸಾಲದ ವ್ಯಾಪಾರವನ್ನು ನಿಲ್ಲಿಸಿತ್ತು: ಉಣ್ಣೆ ಬೇಕಾದರೆ ಪೂರ್ತಿ ಹಣ ಕೈಯಲ್ಲೇ ಕೊಡಬೇಕು, ಅದರಲ್ಲಿ ಮೂರನೇ ಒಂದು ಭಾಗ ಚಿನ್ನ ಬೆಳ್ಳಿಯಾಗಿ ಕ್ಯಾಲೆಯ ಟಂಕಸಾಲೆಗೆ ಹೋಗಬೇಕು. ಮೊದಲೇ ಉಸಿರು ಕಟ್ಟಿದ್ದ ಮಗ್ಗಗಳ ಮೇಲೆ ಈಗ ಯುದ್ಧವೂ ಬಂತು. 1436ರ ಬೇಸಿಗೆಯಲ್ಲಿ ಫಿಲಿಪ್ ಕ್ಯಾಲೆಗೆ ಮುತ್ತಿಗೆ ಹಾಕಿದ. ಪಟ್ಟಣಗಳ ಪಡೆ ನಡುವೆಯೇ ಡೇರೆ ಕಿತ್ತು ಮನೆಗೆ ಹೋಯಿತು. ಬ್ರೂಜ್ ದಂಗೆ ಎದ್ದಿತು. ಇಸಬೆಲ್ಲಾ ಆ ಪಟ್ಟಣ ಬಿಟ್ಟು ಹೊರಡುವಾಗ ದಂಗೆಕೋರರು ಗಾಡಿಗಳನ್ನು ತಡೆದು, ಪರಿವಾರದಲ್ಲಿದ್ದ ಇಬ್ಬರು ದೊಡ್ಡ ಮನೆಯ ಹೆಂಗಸರನ್ನು ಆಕೆಯ ಕಣ್ಣೆದುರೇ ಎಳೆದೊಯ್ದರು.

ಇದಾದ ಮೂರು ವರ್ಷಕ್ಕೆ, 1439ರ ಬೇಸಿಗೆಯಲ್ಲಿ, ಕ್ಯಾಲೆ ಮತ್ತು ಗ್ರಾವ್ಲಿನ್ ನಡುವಿನ ಬಯಲಿನಲ್ಲಿ ಡೇರೆ ಹಾಕಿ ಮಾತುಕತೆ ಕೂತಿತು. ಒಂದು ಕಡೆ ಇಂಗ್ಲೆಂಡ್, ಇನ್ನೊಂದು ಕಡೆ ಫ್ರಾನ್ಸ್, ಮಧ್ಯಸ್ಥಿಕೆಗೆ ಇಸಬೆಲ್ಲಾ ಮತ್ತು ಕಾರ್ಡಿನಲ್ ಹೆನ್ರಿ ಬೋಫೋರ್ಟ್. ಬೋಫೋರ್ಟ್ ಆಕೆಯ ತಾಯಿಯ ಮಲತಮ್ಮ, ಅಂದರೆ ಸೋದರಮಾವ. ಶಾಂತಿ ಒಪ್ಪಂದ ಆಗಲಿಲ್ಲ. ಇಂಗ್ಲೆಂಡಿನ ದೊರೆ ‘ಫ್ರಾನ್ಸಿನ ದೊರೆ’ ಎಂಬ ಬಿರುದು ಬಿಡಲು ಸಿದ್ಧನಿರಲಿಲ್ಲ. ಬಿಡದೆ ಫ್ರೆಂಚರು ಸಹಿ ಹಾಕುವುದಿಲ್ಲ. ಬಿರುದಿನ ಪ್ರಶ್ನೆಯನ್ನು ಹಾಗೇ ಬದಿಗಿಟ್ಟು ವರ್ಷಗಟ್ಟಲೆ ಕದನವಿರಾಮ ಮಾಡಿಕೊಳ್ಳುವ ಸಲಹೆ ಬಂದರೂ ಲಂಡನ್ ತಳ್ಳಿಹಾಕಿತು. ಆದರೆ ಸೆಪ್ಟೆಂಬರ್ 29ರಂದು ಇಂಗ್ಲೆಂಡ್ ಮತ್ತು ಡ್ಯೂಕ್‌ನ ಸೀಮೆಗಳ ನಡುವೆ ಮೂರು ವರ್ಷದ ವ್ಯಾಪಾರ ಒಪ್ಪಂದವಾಯಿತು. ವ್ಯಾಪಾರಿಗಳು, ಯಾತ್ರಿಕರು, ಮೀನುಗಾರರು ಯುದ್ಧದ ನಡುವೆಯೂ ಓಡಾಡಬಹುದು ಎಂದಾಯಿತು. ಅದು ಮತ್ತೆ ಮತ್ತೆ ಮುಂದುವರಿಯಿತು. 1443ರಲ್ಲಿ ಇಸಬೆಲ್ಲಾ ಮತ್ತು ಇಂಗ್ಲೆಂಡಿನ ಪರ ಡ್ಯೂಕ್ ಆಫ್ ಯಾರ್ಕ್ ಸೇರಿ ಕದನವಿರಾಮವನ್ನೂ ಮಾಡಿಕೊಂಡರು. ನನ್ನನ್ನು ಕೇಳಿದರೆ ಆಕೆಯ ಬದುಕಿನ ಅತಿ ದೊಡ್ಡ ಕೆಲಸ ಈ 1439ರ ಕಾಗದ. ಚಿತ್ರದ ಕಥೆಯಷ್ಟು ರುಚಿ ಅದಕ್ಕಿಲ್ಲ, ಆದರೆ ಮಗ್ಗಗಳು ತಿರುಗಿದ್ದು ಅದರಿಂದ.

ಅದೇ ಮಾತುಕತೆಯ ಇನ್ನೊಂದು ಫಲ ಫ್ರಾನ್ಸಿನ ಓರ್ಲೆಯಾನ್‌ನ ಡ್ಯೂಕ್ ಚಾರ್ಲ್ಸ್‌ನ ಬಿಡುಗಡೆ. 1415ರ ಅಜಿನ್‌ಕೋರ್ ಯುದ್ಧದಲ್ಲಿ ಸೆರೆಸಿಕ್ಕ ಅವನು 25 ವರ್ಷ ಇಂಗ್ಲೆಂಡಿನಲ್ಲಿದ್ದ. 1440ರ ನವೆಂಬರ್‌ನಲ್ಲಿ ಗ್ರಾವ್ಲಿನ್‌ನಲ್ಲಿ ಅವನನ್ನು ಎದುರುಗೊಂಡವಳು ಇಸಬೆಲ್ಲಾ. ಅದೇ ತಿಂಗಳು ಸೇಂತೊಮೇರ್‌ನಲ್ಲಿ ಫಿಲಿಪ್‌ನ ಸೋದರ ಸೊಸೆ ಮರಿಯಳ ಜೊತೆ ಅವನ ಮದುವೆಯೂ ಆಯಿತು. ಇವನ ತಂದೆಯನ್ನು 1407ರಲ್ಲಿ ಕೊಲ್ಲಿಸಿದ್ದು ಫಿಲಿಪ್‌ನ ತಂದೆ, ಎಂಬುದನ್ನು ನೆನಪಿಟ್ಟು ಈ ಸಂಬಂಧವನ್ನು ಓದಬೇಕು. 1445ರಲ್ಲಿ ಶಾಲೋನ್‌ನಲ್ಲಿ ಫ್ರಾನ್ಸಿನ ದೊರೆಯ ಜೊತೆ ಬಾಕಿ ತಕರಾರುಗಳನ್ನು ಮಾತಾಡಲು ಹೋದದ್ದೂ ಆಕೆಯೇ.

ತವರಿನ ಗೋಳು ಆಕೆಯನ್ನು ಬಿಡಲಿಲ್ಲ. ತಮ್ಮ ಫೆರ್ನಾಂದು ಒತ್ತೆಯಾಳಾಗಿ ಮೊರಾಕ್ಕೊದ ಫೆಸ್ ನಗರದ ಸೆರೆಯಲ್ಲಿ 1443ರಲ್ಲಿ ಸತ್ತ. ಅಣ್ಣ ಪೇದ್ರು 1449ರ ಮೇ 20ರಂದು ಅಲ್ಫರೊಬೇರಾದಲ್ಲಿ, ತನ್ನ ಅಳಿಯನೂ ಅಣ್ಣನ ಮಗನೂ ಆದ ದೊರೆ ಐದನೇ ಅಫೊನ್ಸೊನ ಸೇನೆಯ ಎದುರು ಸತ್ತ. ಶವಕ್ಕೆ ಸರಿಯಾದ ಸಂಸ್ಕಾರವೂ ಆಗಲಿಲ್ಲ. ಇಸಬೆಲ್ಲಾ ಜಾನ್ ಜುಫ್ರುವಾ ಎಂಬ ಪಾದ್ರಿಯನ್ನು ರಾಯಭಾರಿಯಾಗಿ ಲಿಸ್ಬನ್‌ಗೆ ಕಳಿಸಿ, ಅಣ್ಣನ ಮಾನ ಮರಳಿ ಕೊಡಿ ಎಂದು ಸೋದರಳಿಯನ ಮುಂದೆ ವಾದ ಮಾಡಿಸಿದಳು. 1455ರಲ್ಲಿ ಪೇದ್ರುವಿನ ದೇಹ ಬತಾಲ್ಯಾದ ರಾಜಸಮಾಧಿಗೆ ಸೇರಿತು. ಅಣ್ಣನ ಮೂವರು ಮಕ್ಕಳನ್ನು ತನ್ನಲ್ಲಿಗೆ ಕರೆಸಿಕೊಂಡು ದಾರಿ ಮಾಡಿಕೊಟ್ಟಳು: ಜುವಾಂವ್‌ಗೆ ಸೈಪ್ರಸ್‌ನ ರಾಜಕುಮಾರಿ, ಬೆಯಾತ್ರಿಜ್‌ಗೆ ಕ್ಲೀವ್ಸ್ ಮನೆತನದ ವರ, ಜೈಮೆಗೆ ಕಾರ್ಡಿನಲ್ ಪದವಿ. ಜೈಮೆ 1459ರಲ್ಲಿ ಎಳೆ ವಯಸ್ಸಿನಲ್ಲೇ ಫ್ಲಾರೆನ್ಸ್‌ನಲ್ಲಿ ತೀರಿಕೊಂಡ. ಸಾನ್ ಮಿನಿಯಾತೊ ಚರ್ಚಿನಲ್ಲಿರುವ ಅವನ ಸಮಾಧಿಮಂದಿರದ ವೆಚ್ಚದಲ್ಲಿ ಈ ಅತ್ತೆಯ ಪಾಲೂ ಇತ್ತು.

ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳ ವಿಷಯ ಓದುವಾಗ ಎಚ್ಚರ ಇರಲಿ. 1466ರಲ್ಲಿ ಪೋರ್ಚುಗಲ್‌ನ ದೊರೆ ಅವನ್ನು ಇಸಬೆಲ್ಲಾಗೆ ಕೊಟ್ಟ ಎಂದು ಮಾರ್ಟಿನ್ ಬೆಹೈಮ್ 1492ರಲ್ಲಿ ಮಾಡಿದ ಗೋಳಾಕಾರದ ಭೂಪಟದ ಮೇಲೆ ಬರೆದಿದೆ. ಫ್ಲಾಂಡರ್ಸ್‌ನ ಜನ ಯೋಸ್ ದ ಹುರ್ಟೆರೆಯ ಮುಂದಾಳತ್ವದಲ್ಲಿ ಅಲ್ಲಿನ ಫಯಾಲ್ ದ್ವೀಪಕ್ಕೆ ವಲಸೆ ಹೋದದ್ದು ನಿಜ. ಆದರೆ ಬೆಹೈಮ್ ಆ ಹುರ್ಟೆರೆಯ ಅಳಿಯ. ಮಾವನ ಮನೆಯ ಬಗ್ಗೆ ಅಳಿಯ ಬರೆದದ್ದನ್ನು ದಾನಪತ್ರದಂತೆ ಓದಬಾರದು.

ಆಕೆಯ ಅಧಿಕಾರದ ಎಲ್ಲೆ ಕಂಡದ್ದು ಮಗನ ಮದುವೆಯಲ್ಲಿ. ಮೊದಲ ಹೆಂಡತಿ ಸತ್ತ ಮೇಲೆ ಚಾರ್ಲ್ಸ್‌ಗೆ ಇಂಗ್ಲೆಂಡಿನ ಯಾರ್ಕ್ ಮನೆಯ ಹೆಣ್ಣು ತರಬೇಕೆಂದು ತಾಯಿಗೆ. ಫಿಲಿಪ್ 1454ರಲ್ಲಿ ಫ್ರಾನ್ಸಿನ ಪಕ್ಷದ ಬೂರ್ಬೋನ್ ಮನೆಯ ಇಸಬೆಲ್ಲಾಳನ್ನು ತಂದ. ಆಸ್ಥಾನದಲ್ಲಿ ಫ್ರಾನ್ಸಿಗೆ ಒಲಿದ ಕ್ರೂಯಿ ಮನೆತನದವರ ಮಾತು ನಡೆಯತೊಡಗಿತು. 1457ರ ಜನವರಿಯಲ್ಲಿ ಪ್ರಾರ್ಥನಾ ಮಂದಿರದೊಳಗೇ ತಂದೆಮಗನಿಗೆ ಕ್ರೂಯಿಗಳ ವಿಷಯಕ್ಕೆ ಕೂಗಾಟವಾಯಿತು. ಫಿಲಿಪ್ ಕೋಪದಲ್ಲಿ ಒಬ್ಬನೇ ಕುದುರೆ ಏರಿ ಹೊರಟು ರಾತ್ರಿ ಕಾಡಿನಲ್ಲಿ ದಾರಿ ತಪ್ಪಿದ. ತಾಯಿ ಮಗನ ಪರ ನಿಂತಳು. ಅದೇ ವರ್ಷ ಆಸ್ಥಾನ ಬಿಟ್ಟು ನಿಯೆಪ್ ಕಾಡಿನ ಲಾ ಮೊತ್ ಓ ಬ್ವಾದಲ್ಲಿ ನೆಲೆಸಿದಳು. ರೋಗಿಗಳ ಶುಶ್ರೂಷೆ ಮಾಡುವ ಸನ್ಯಾಸಿನಿಯರ ಜೊತೆ ಅಲ್ಲಿ ಕಾಲ ಕಳೆದಳು. ಇದನ್ನು ಪೂರ್ತಿ ವೈರಾಗ್ಯ ಎಂದು ಬರೆಯುವುದು ತಪ್ಪು. 1467ರಲ್ಲಿ ಫಿಲಿಪ್ ಸತ್ತು ಚಾರ್ಲ್ಸ್ ಡ್ಯೂಕ್ ಆದ ಕೂಡಲೇ ಇಂಗ್ಲೆಂಡ್ ಸಂಬಂಧ ಮತ್ತೆ ಜೀವ ತಳೆಯಿತು. 1468ರ ಜೂನ್‌ನಲ್ಲಿ ಯಾರ್ಕ್ ಮನೆಯ ಮಾರ್ಗರೆಟ್ ಸ್ಲಾಯ್ಸ್‌ನಲ್ಲಿ ಇಳಿದಾಗ, ಮೊಮ್ಮಗಳು ಮೇರಿಯನ್ನು ಕರೆದುಕೊಂಡು ನೋಡಲು ಹೋದವಳು 71ರ ಇಸಬೆಲ್ಲಾ. ಜುಲೈ 3ರಂದು ದಾಮ್ಮೆಯಲ್ಲಿ ಮದುವೆ.

1471ರ ಮೇ ತಿಂಗಳಲ್ಲಿ, ಇಂಗ್ಲೆಂಡಿನ ಸಿಂಹಾಸನಕ್ಕಾಗಿ ಯಾರ್ಕ್ ಮನೆಯ ಜೊತೆ ಹೋರಾಡುತ್ತಿದ್ದ ಲ್ಯಾಂಕಾಸ್ಟರ್ ಮನೆಯ ಆರನೇ ಹೆನ್ರಿಯೂ ಅವನ ಮಗನೂ ಸತ್ತರು. ತಾಯಿಯ ಮೂಲಕ ಬಂದ ಇಂಗ್ಲೆಂಡ್ ಸಿಂಹಾಸನದ ಹಕ್ಕನ್ನು ಇಸಬೆಲ್ಲಾ ಮಗನಿಗೆ ಬರೆದುಕೊಟ್ಟಳು. ಚಾರ್ಲ್ಸ್ ನವೆಂಬರ್‌ನಲ್ಲಿ ಅದನ್ನು ಗುಟ್ಟಾಗಿ ದಾಖಲೆ ಮಾಡಿಸಿಟ್ಟ. ಅವನ ಹೆಂಡತಿ ಆಗ ಇಂಗ್ಲೆಂಡಿನ ಸಿಂಹಾಸನದಲ್ಲಿದ್ದ ನಾಲ್ಕನೇ ಎಡ್ವರ್ಡ್‌ನ ತಂಗಿ, ಆದ್ದರಿಂದ ಗುಟ್ಟು ಬೇಕೇ ಬೇಕಿತ್ತು. 1471ರ ಡಿಸೆಂಬರ್ 17ರಂದು ಇಸಬೆಲ್ಲಾ ತೀರಿಕೊಂಡಳು, ಒಡಹುಟ್ಟಿದವರೆಲ್ಲರ ನಂತರ. ಮುಂದೆ ಚಾರ್ಲ್ಸ್ ಆಕೆಯ ದೇಹವನ್ನು ದೀಜೋನ್ ಹತ್ತಿರದ ಶಾಂಮೋಲ್ ಮಠಕ್ಕೆ, ಫಿಲಿಪ್‌ನ ಜೊತೆಗೆ ಸೇರಿಸಿದ.

ಕೊನೆಗೆ ತಾರೀಖು. ಫ್ರಾನ್ಸ್ ಮತ್ತು ಫ್ಲಾಂಡರ್ಸ್‌ನ ಕಚೇರಿಗಳಲ್ಲಿ ಆಗ ವರ್ಷ ಬದಲಾಗುತ್ತಿದ್ದದ್ದು ಈಸ್ಟರ್ ಹಬ್ಬಕ್ಕೆ. ಹಾಗಾಗಿ ನಮ್ಮ ಲೆಕ್ಕದ 1430ರ ಜನವರಿ 7 ಅವರ ಕಡತದಲ್ಲಿ 1429. ನೀವು 1430 ಎಂದೇ ಬರೆಯಿರಿ. 1429 ಎಂದರೆ ಲಿಸ್ಬನ್‌ನ ಪ್ರತಿನಿಧಿ ವಿವಾಹ ಎಂದು ಬೇರೆಯಾಗಿ ಸೂಚಿಸಿ. ಜನವರಿಯಿಂದ ಈಸ್ಟರ್ ತನಕದ ದಿನಾಂಕಗಳಲ್ಲಿ ಮಾತ್ರ ಈ ತೊಡಕು; ಡಿಸೆಂಬರ್‌ನ ಮರಣದ ದಿನಕ್ಕೆ ಇದು ತಗಲುವುದಿಲ್ಲ. ಪೋರ್ಚುಗಲ್‌ನ ಕಾಗದಗಳಲ್ಲಿ ಇನ್ನೊಂದು ಗಂಟಿದೆ. 1422ರ ತನಕ ಅಲ್ಲಿ ಸೀಸರ್ ಶಕೆ ನಡೆಯುತ್ತಿತ್ತು, ಅದು ನಮ್ಮ ಲೆಕ್ಕಕ್ಕಿಂತ 38 ವರ್ಷ ಮುಂದೆ. ಆಕೆ ಹುಟ್ಟಿದ 1397 ಅದರಲ್ಲಿ 1435.

ಹೆಸರಿನ ಗೊಂದಲಕ್ಕೆ ಹುಟ್ಟಿದ ವರ್ಷವೇ ಮದ್ದು. 1428ರಲ್ಲಿ ಹುಟ್ಟಿ ಕ್ಯಾಸ್ಟೀಲ್‌ನ ರಾಣಿಯಾದ ಪೋರ್ಚುಗಲ್‌ನ ಇಸಬೆಲ್ಲಾ ಈಕೆಯ ತಮ್ಮನ ಮಗಳು. 1503ರಲ್ಲಿ ಹುಟ್ಟಿದ ಇಸಬೆಲ್ಲಾ ಐದನೇ ಚಾರ್ಲ್ಸ್ ಚಕ್ರವರ್ತಿಯ ಹೆಂಡತಿ. ಆ ಚಕ್ರವರ್ತಿ ನಮ್ಮ ಇಸಬೆಲ್ಲಾಳ ಮರಿಮಗನ ಮಗ: ಆಕೆಯ ಮಗ ಡ್ಯೂಕ್ ಚಾರ್ಲ್ಸ್‌ನ ಮಗಳು ಮೇರಿ 1477ರಲ್ಲಿ ಮ್ಯಾಕ್ಸಿಮಿಲಿಯನ್‌ನನ್ನು ಮದುವೆಯಾದಳು, ಅವರ ಮಗ ಫಿಲಿಪ್, ಅವನ ಮಗ ಈ ಚಕ್ರವರ್ತಿ. ಮ್ಯಾಕ್ಸಿಮಿಲಿಯನ್‌ನ ತಾಯಿ ಲಿಯೊನೋರ್ ಕೂಡ ಪೋರ್ಚುಗಲ್‌ನವಳೇ, ದುವಾರ್ತೆಯ ಮಗಳು, 1452ರಲ್ಲಿ ರೋಮ್‌ನಲ್ಲಿ ಮದುವೆಯಾಗಿ ಆಸ್ಟ್ರಿಯಾಕ್ಕೆ ಹೋದವಳು. ವಂಶವೃಕ್ಷ ಬರೆಯುವಾಗ ಎರಡೂ ಕೊಂಬೆಗಳನ್ನು ಒಂದನೇ ಜುವಾಂವ್‌ನಿಂದಲೇ ಎಳೆಯಿರಿ.